ಡಿಕ್ಕಿಯ ನಂತರ ಶಕ್ತಿ ಹೆಚ್ಚಿಸಿಕೊಳ್ಳುವ ಗಾಡಿಗಳು: ಪ್ರಾಜೆಕ್ಟ್ ಎಲ್ಲಿಗೆ ಬಂತು

ಎರಡು ಮೀಟರ್ ಹಳಿ, ತಲಾ 250 ಗ್ರಾಂನ ಎರಡು ಗಾಡಿ, ಒಂದರ ಹೊಟ್ಟೆಯಲ್ಲಿ ಅದುಮಿಟ್ಟ ಸ್ಪ್ರಿಂಗ್. ಇಷ್ಟರಿಂದ, ಡಿಕ್ಕಿಯ ನಂತರ ಒಟ್ಟು ಚಲನಶಕ್ತಿ ಹೆಚ್ಚುವ ಸೂಪರ್‌ಇಲಾಸ್ಟಿಕ್ ಡಿಕ್ಕಿಯನ್ನು ತೋರಿಸುವುದಷ್ಟೇ ಅಲ್ಲ, ಅಳೆಯುವುದೂ ಉದ್ದೇಶ. ಹಳಿ, ಗಾಡಿ, ಸ್ಪ್ರಿಂಗನ್ನು ಹಿಡಿದಿಡುವ ಕೊಂಡಿ ಮುಗಿದಿವೆ. ಟೈಮರ್ ಓಡುತ್ತಿದೆ. ಸ್ಪ್ರಿಂಗಿನ ಬದಲು ಅಯಸ್ಕಾಂತ ಬಳಸುವ ಇನ್ನೊಂದು ಮಾದರಿ ಅರ್ಧಕ್ಕೆ ಬಂದಿದೆ.

ಮಾಮೂಲಿ ಡಿಕ್ಕಿಯಲ್ಲಿ ಒಂದಿಷ್ಟು ಚಲನಶಕ್ತಿ ಸದ್ದಾಗಿ, ಬಿಸಿಯಾಗಿ ಹೋಗುತ್ತದೆ. ಇಲ್ಲಿ ಉಲ್ಟಾ: ಮೊದಲೇ ಒಳಗೆ ಕೂಡಿಟ್ಟ ಶಕ್ತಿ ಡಿಕ್ಕಿಯ ನೆಪದಲ್ಲಿ ಹೊರಬಿದ್ದು ಚಲನಶಕ್ತಿಗೆ ಸೇರುತ್ತದೆ. ಒಟ್ಟು ಸಂವೇಗ (ದ್ರವ್ಯರಾಶಿ ಗುಣಿಸು ವೇಗ) ಮಾತ್ರ ಬದಲಾಗುವುದಿಲ್ಲ. ಸ್ಪ್ರಿಂಗ್ ಎರಡೂ ಗಾಡಿಗಳನ್ನು ಸಮನಾಗಿ, ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ದೊಡ್ಡ ಚೆಂಡಿನ ಮೇಲೆ ಸಣ್ಣ ಚೆಂಡಿಟ್ಟು ಬೀಳಿಸಿ, ಸಣ್ಣದು ಚಿಮ್ಮಿದ್ದನ್ನು ಇದೇ ಎಂದು ತೋರಿಸುವವರಿದ್ದಾರೆ. ಅದಲ್ಲ. ಅಲ್ಲಿ ಒಟ್ಟು ಶಕ್ತಿ ಹೆಚ್ಚುವುದಿಲ್ಲ, ಹಂಚಿಕೆ ಬದಲಾಗುತ್ತದೆ ಅಷ್ಟೆ.

ಹಳಿ, ಗಾಡಿ

ಹಳಿಗೆ ಕಿಟಕಿ ಮಾಡುವವರ ಬಳಿ ಸಿಗುವ ಅಲ್ಯುಮಿನಿಯಂ ಸೆಕ್ಷನ್ ಸಾಕು. ಎರಡು ತುಂಡು ಜೋಡಿಸುವುದಕ್ಕಿಂತ ಒಂದೇ ಉದ್ದದ್ದು ವಾಸಿ. ಮಟ್ಟ ಮಾಡುವಾಗ ಸೋಮಾರಿತನ ಬೇಡ. ಮೀಟರಿಗೆ 1 ಮಿ.ಮೀ. ಓರೆಯಿದ್ದರೂ, 0.2 ಮೀ/ಸೆ ಓಡುವ ಗಾಡಿಯ ವೇಗದ ವರ್ಗ 30 ಸೆಂ.ಮೀ. ದೂರದಲ್ಲಿ ಸುಮಾರು ಶೇ. 15 ಬದಲಾಗುತ್ತದೆ.

ಚಕ್ರಕ್ಕೆ 623 ಬೇರಿಂಗ್ (3 ಮಿ.ಮೀ. ರಂಧ್ರ, 10 ಮಿ.ಮೀ. ಹೊರವ್ಯಾಸ). ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲರೂ ಮೊದಲು ಕೈಗಿಡುವುದು 608; ಅದು ಭಾರ, ತಿರುಗುವ ಉಂಗುರವೇ ಒಂದಿಷ್ಟು ಶಕ್ತಿ ಹಿಡಿದುಕೊಳ್ಳುತ್ತದೆ. ಒಳಗಿನ ಗ್ರೀಸ್ ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಬೇಕು.

ಸ್ಪ್ರಿಂಗ್ ಮತ್ತು ಕೊಂಡಿ

ಸ್ಪ್ರಿಂಗನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿ, 3 ಮಿ.ಮೀ.ಗೊಮ್ಮೆ ಅದುಮುತ್ತಾ ಗ್ರಾಂ ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 9.78 ಮೀ/ಸೆ². 15 ಮಿ.ಮೀ. ಅದುಮಿದಾಗ ತಕ್ಕಡಿ 610 ಗ್ರಾಂ ಸುಮಾರು ತೋರಿಸಿದರೆ ಬಲ 6 ನ್ಯೂಟನ್, ಕೂಡಿಟ್ಟ ಶಕ್ತಿ 0.045 ಜೂಲ್.

ತಳ್ಳುವ ಕಡ್ಡಿ 6 ಮಿ.ಮೀ. ಅಲ್ಯುಮಿನಿಯಂ ಸರಳು. ಅದರಲ್ಲೊಂದು ಕಚ್ಚು, ಕಚ್ಚಿಗೆ ಸಿಕ್ಕಿಕೊಳ್ಳುವ ಕೊಕ್ಕೆ ಸೈಕಲ್ ಸ್ಪೋಕಿನದು. ಕೊಕ್ಕೆಯ ಇನ್ನೊಂದು ತುದಿ ಮೀಸೆಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಎದುರಿನ ಗಾಡಿ ಅದನ್ನು ಒತ್ತಿದಾಗ ಕೊಕ್ಕೆ ಜಾರಿ ಸ್ಪ್ರಿಂಗ್ ಬಿಚ್ಚುತ್ತದೆ. ದಾರ ಎಳೆದೋ ಬೆರಳಿಂದಲೋ ಬಿಚ್ಚಿದರೆ ಹೊರಗಿನ ಸಂವೇಗ ಸೇರುತ್ತದೆ, ಪ್ರಯೋಗ ಕೆಟ್ಟಂತೆ.

ಹೆಚ್ಚು ಕಾಟ ಕೊಡುವ ಭಾಗ ಇದೇ. ಕೊಕ್ಕೆ ಮತ್ತು ಕಚ್ಚಿನ ನಡುವಿನ ಘರ್ಷಣೆ 1.2 ನ್ಯೂಟನ್, ಜಾರಬೇಕಾದ ದೂರ 1 ಮಿ.ಮೀ. ಎಂದಿಟ್ಟುಕೊಂಡರೆ ಬಿಚ್ಚಲು 1.2 ಮಿಲಿಜೂಲ್ ಬೇಕು. ಅಂದರೆ 0.14 ಮೀ/ಸೆಗಿಂತ ನಿಧಾನವಾಗಿ ಬಂದ ಗಾಡಿ ಸುಮ್ಮನೆ ಬಡಿಯುತ್ತದೆ ಅಷ್ಟೆ, ಸ್ಪ್ರಿಂಗ್ ಬಿಚ್ಚುವುದಿಲ್ಲ. ಕಚ್ಚನ್ನು 1000 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ, ಪೆನ್ಸಿಲ್ ಗ್ರಾಫೈಟ್ ಪುಡಿ ಸವರಿದರೆ ಈ ಮಿತಿ ಇಳಿಯುತ್ತದೆ. ತೀರಾ ನುಣುಪಾದರೆ ಹಳಿಯ ಸಣ್ಣ ಅದುರಿಗೇ ಬಿಚ್ಚಿಕೊಳ್ಳುತ್ತದೆ. ತಡೆ ಇರಬೇಕು, ಆದರೆ ಒಳಗಿನ ಶಕ್ತಿಗಿಂತ ತುಂಬ ಚಿಕ್ಕದಿರಬೇಕು.

ಅಳತೆ

ಮಾಕ್ 7811 ಸ್ಲಾಟ್ ಸೆನ್ಸರ್ (ಸೀಳಿನ ಒಂದು ಬದಿ ಎಲ್‌ಇಡಿ, ಇನ್ನೊಂದು ಬದಿ ಬೆಳಕು ಗುರುತಿಸುವ ಟ್ರಾನ್ಸಿಸ್ಟರ್) ಎರಡು, ಎಲ್‌ಇಡಿಗೆ 220 ಓಮ್, ಟ್ರಾನ್ಸಿಸ್ಟರಿಗೆ 10 ಕಿಲೋಓಮ್ ಪುಲ್‌ಅಪ್, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿನ 2 ಮತ್ತು 3ನೇ ಪಿನ್. ಗಾಡಿಗೆ 30 ಮಿ.ಮೀ. ಅಗಲದ ಕಪ್ಪು ರಟ್ಟಿನ ಪಟ್ಟಿ; ಅದು ಸೆನ್ಸರಿನ ಬೆಳಕನ್ನು ತಡೆದ ಸಮಯದಿಂದ ವೇಗ ಸಿಗುತ್ತದೆ. ನ್ಯಾನೊದ ಗಡಿಯಾರ 4 ಮೈಕ್ರೊಸೆಕೆಂಡಿನಷ್ಟು ಸೂಕ್ಷ್ಮ, ಹಾಗಾಗಿ ತಪ್ಪು ಬರುವುದು ರಟ್ಟಿನಿಂದ: ಅಗಲ 1 ಮಿ.ಮೀ. ತಪ್ಪಿದರೆ ಶಕ್ತಿಯ ಲೆಕ್ಕ ಶೇ. 6–7 ತಪ್ಪುತ್ತದೆ. ವರ್ನಿಯರ್ ಹಿಡಿದು ಅಳೆಯಿರಿ.

ಸೆನ್ಸರ್ ಇಲ್ಲದೆಯೂ ಒಂದು ಪರೀಕ್ಷೆಯಿದೆ. ತೂಕ ಸಮನಾಗಿದ್ದು ಎರಡನೆಯದು ನಿಂತಿದ್ದರೆ, ಬಂದ ಗಾಡಿ ಹಿಮ್ಮುಖವಾಗಿ ಹೋಯಿತೆಂದರೆ ಶಕ್ತಿ ಹೆಚ್ಚಿದೆ ಎಂದೇ ಅರ್ಥ. ಶಕ್ತಿ ಒಂದಿಷ್ಟೂ ನಷ್ಟವಾಗದ ಡಿಕ್ಕಿಯಲ್ಲೂ ಅದು ನಿಲ್ಲುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

ಇನ್ನು ಗುಣಾಂಕದ ವಿಷಯ. ದೂರ ಸರಿಯುವ ವೇಗವನ್ನು ಹತ್ತಿರ ಬರುವ ವೇಗದಿಂದ ಭಾಗಿಸಿ, 'ನಮ್ಮ ಗಾಡಿಯ ರೆಸ್ಟಿಟ್ಯೂಷನ್ ಇಷ್ಟು' ಎಂದು ಬರೆಯುವುದು ಸುಲಭ, ಆದರೆ ಅರ್ಥವಿಲ್ಲದ್ದು. ಸ್ಪ್ರಿಂಗಿನ ಶೇ. 70 ಮಾತ್ರ ಚಲನೆಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. 0.2 ಮೀ/ಸೆ ವೇಗದಲ್ಲಿ ಗುಣಾಂಕ 3.7, 0.4ರಲ್ಲಿ 2.0, 1 ಮೀ/ಸೆಯಲ್ಲಿ 1.2. ಗಾಡಿ ಅದೇ, ಸ್ಪ್ರಿಂಗೂ ಅದೇ. ವೇಗದ ವರ್ಗಗಳನ್ನು ಗ್ರಾಫಿನಲ್ಲಿಡಿ: ಅಡ್ಡಕ್ಕೆ ಮೊದಲಿನದು, ಉದ್ದಕ್ಕೆ ನಂತರದ್ದು. ಬಹುಮಟ್ಟಿಗೆ ನೇರ ಗೆರೆ ಬರುತ್ತದೆ. ಅದು ಉದ್ದದ ಅಕ್ಷವನ್ನು ಕತ್ತರಿಸುವ ಎತ್ತರವನ್ನು 0.0625ರಿಂದ ಗುಣಿಸಿದರೆ (ಎರಡು 250 ಗ್ರಾಂ ಗಾಡಿಗಳ ರೆಡ್ಯೂಸ್ಡ್ ಮಾಸ್‌ನ, ಅಂದರೆ ಎರಡು ದ್ರವ್ಯರಾಶಿಗಳ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದ್ದರ, ಅರ್ಧ) ನಿಜವಾಗಿ ಹೊರಬಂದ ಶಕ್ತಿ ಜೂಲಿನಲ್ಲಿ ಸಿಗುತ್ತದೆ. ವರದಿ ಮಾಡಬೇಕಾದ ಸಂಖ್ಯೆ ಅದು.

ನಷ್ಟದ ಒಂದು ಪಾಲು ಕಡ್ಡಿಯದು. ಗಾಡಿಗಳು ಬೇರ್ಪಡುವಾಗ ಅದು ಎದುರಿನ ಗಾಡಿಯ ವೇಗದಲ್ಲಿರುತ್ತದೆ. ನಂತರ ತನ್ನದೇ ಗಾಡಿಯ ತಡೆಗೆ ಬಡಿದು ನಿಲ್ಲುತ್ತದೆ. 12 ಗ್ರಾಂ ಕಡ್ಡಿಗೆ ಇದು ಸುಮಾರು 4 ಮಿಲಿಜೂಲ್. ಟೊಳ್ಳು ಕೊಳವೆ ಹಾಕಿದರೆ ಇಳಿಯುತ್ತದೆ.

ಉಲ್ಟಾ ಓಟ

ಈಗ ಚಲನಶಕ್ತಿಯನ್ನು ಸ್ಪ್ರಿಂಗಿಗೆ ತುಂಬುವ ಪ್ರಯೋಗ. ಮೀಸೆ ಕಳಚಿ, ಸ್ಪ್ರಿಂಗನ್ನು ಸಡಿಲವಾಗೇ ಬಿಟ್ಟು ಡಿಕ್ಕಿ ಹೊಡೆಸಿ. (ಮೀಸೆ ಇದ್ದರೆ ಕೊಕ್ಕೆ ತೆರೆದೇ ಇರುತ್ತದೆ, ಕಚ್ಚುವುದಿಲ್ಲ.) ವೇಗ 0.85 ಮೀ/ಸೆ ದಾಟುವವರೆಗೆ ಸ್ಪ್ರಿಂಗ್ ಅದುಮಿ ಮತ್ತೆ ಬಿಚ್ಚಿಕೊಳ್ಳುತ್ತದೆ. ದಾಟಿದರೆ ಕೊಕ್ಕೆ ಕಚ್ಚಿ 0.045 ಜೂಲ್ ಒಳಗೇ ಉಳಿಯುತ್ತದೆ. ಘರ್ಷಣೆಯಿಂದಾಗಿ ಈ ಹೊಸ್ತಿಲು ಕೈಗೆ ಸಿಗುವಾಗ ಇನ್ನೂ ಸ್ವಲ್ಪ ಮೇಲಿರುತ್ತದೆ.

1914ರಲ್ಲಿ ಭೌತವಿಜ್ಞಾನಿಗಳಾದ ಫ್ರಾಂಕ್ ಮತ್ತು ಹರ್ಟ್ಜ್ ಪಾದರಸದ ಆವಿಯಲ್ಲಿ ಕಂಡದ್ದು ಇಂಥದೇ ಹೊಸ್ತಿಲು: ಎಲೆಕ್ಟ್ರಾನಿಗೆ 4.9 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಇಲ್ಲದಿದ್ದರೆ ಪರಮಾಣು ಏನನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲ. 1921ರಲ್ಲಿ ಕ್ಲೈನ್ ಮತ್ತು ರೋಸ್‌ಲ್ಯಾಂಡ್ ಮುಂದಿನ ಹೆಜ್ಜೆ ಇಟ್ಟರು: ಈ ಡಿಕ್ಕಿಗೆ ಹಿಮ್ಮುಖ ದಾರಿ ಇಲ್ಲದಿದ್ದರೆ ಉಷ್ಣ ಸಮತೋಲನ ನಿಲ್ಲುವುದೇ ಇಲ್ಲ, ಆದ್ದರಿಂದ ಉದ್ರಿಕ್ತ (ಒಳಗೆ ಶಕ್ತಿ ತುಂಬಿಕೊಂಡ) ಪರಮಾಣುವಿಗೆ ಬಡಿದ ನಿಧಾನಗತಿಯ ಎಲೆಕ್ಟ್ರಾನ್ ವೇಗವಾಗಿ ಹೊರಬರಲೇಬೇಕು. ಲೇಸರ್‌ನಿಂದ ಉದ್ರೇಕಿಸಿದ ಸೋಡಿಯಂಗೆ ಬಡಿದ ಎಲೆಕ್ಟ್ರಾನ್ 2.1 ಎಲೆಕ್ಟ್ರಾನ್‌ವೋಲ್ಟ್ ಗಳಿಸುತ್ತದೆ. ಹೆಚ್ಚೂಕಡಿಮೆ ಇಡೀ ಲಾಭ ಎಲೆಕ್ಟ್ರಾನಿನ ಪಾಲಾಗಲು ಕಾರಣ ಅದರ ಹಗುರತನ: ಸಂವೇಗ ಸಮಪಾಲಾದಾಗ ಶಕ್ತಿ ಹಗುರಾದವರ ಕಡೆ ವಾಲುತ್ತದೆ. ಒಂದು ಗಾಡಿಯ ಮೇಲೆ 500 ಗ್ರಾಂ ಬಟ್ಟು ಹೇರಿದರೆ ಇದೂ ಕಾಣುತ್ತದೆ.

ಬಾಕಿ ಕೆಲಸ

ಅಯಸ್ಕಾಂತದ ಮಾದರಿಯಲ್ಲಿ ನಿಯೋಡೈಮಿಯಂ ತುಂಡು ಹಳಿಗೇ ಅಂಟಿರುತ್ತದೆ, ಬಲಕ್ಕೆ ಎರಡು ಉಕ್ಕಿನ ಗುಂಡು. ಎಡದಿಂದ ಬಂದ ಗುಂಡು ಅಯಸ್ಕಾಂತಕ್ಕೆ ನೇರ ಅಂಟಿಕೊಳ್ಳುತ್ತದೆ, ದೂರದಲ್ಲಿದ್ದ ಕೊನೆಯದು ಕಿತ್ತುಕೊಂಡು ಹೋಗುತ್ತದೆ. ಎರಡರ ಬಂಧಶಕ್ತಿಯ (ಅಂಟು ಬಿಡಿಸಲು ಬೇಕಾದ ಶಕ್ತಿಯ) ವ್ಯತ್ಯಾಸವೇ ಲಾಭ. ಅಂಟಿದ ಗುಂಡನ್ನು ಕೈಯಿಂದ ಕಿತ್ತು ಹಳೆಯ ಜಾಗಕ್ಕಿಡುವಾಗ ಆ ಸಾಲ ನಾವು ತೀರಿಸುತ್ತೇವೆ. ಅಯಸ್ಕಾಂತವನ್ನು ಗಾಡಿಯ ಮೇಲೆ ಕೂರಿಸುವ ಆಸೆ ಬೇಡ. ಅಲ್ಯುಮಿನಿಯಂ ಹಳಿಯಲ್ಲಿ ಸುಳಿವಿದ್ಯುತ್ (ಎಡ್ಡಿ ಕರೆಂಟ್) ಹುಟ್ಟಿ ಬ್ರೇಕ್ ಬೀಳುತ್ತದೆ. ನಿಯೋಡೈಮಿಯಂ ಪೆಡಸು, ಬಡಿತಕ್ಕೆ ಚೂರು ಹಾರುತ್ತದೆ: ಮೇಲೆ ಟೇಪ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಸದ್ಯ ಬಾಕಿಯಿರುವುದು ಗುಂಡಿಗೆ ಹೊಂದುವ ಸೆನ್ಸರ್, ಏಕೆಂದರೆ ಗುಂಡಿಗೆ ರಟ್ಟಿನ ಪಟ್ಟಿ ಅಂಟಿಸಲಾಗುವುದಿಲ್ಲ.