ಕಾನೋದಲ್ಲಿ ನಟಿಯರ ಮಾತು

ಉತ್ತರ ನೈಜೀರಿಯಾದ ಕಾನೋದಲ್ಲಿ ಇಂಡಿಯಾದವರು ಅಂದರೆ ಸಾಕು, ಹಿಂದಿ ಹಾಡು ಶುರು. ಲೆಬನಾನ್ ಮೂಲದ ವ್ಯಾಪಾರಿಗಳು ದಶಕಗಳ ಹಿಂದೆಯೇ ಇಲ್ಲಿನ ಟಾಕೀಸುಗಳಿಗೆ ಹಿಂದಿ ಸಿನಿಮಾ ತರಿಸುತ್ತಿದ್ದರು. 1990ರ ಹೊತ್ತಿಗೆ ಹೌಸಾ ಭಾಷೆಯ ವಿಡಿಯೋ ಸಿನಿಮಾಗಳು ಶುರುವಾದವು. ಹಾಡು, ಕುಣಿತ ಎಲ್ಲ ಅದೇ ಧಾಟಿ. ಈ ಉದ್ಯಮಕ್ಕೆ ಕ್ಯಾನಿವುಡ್ ಅಂತ ಹೆಸರು.

ಸಂಜೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾ ಕೆಲವು ಕಾಲೇಜು ಹುಡುಗ ಹುಡುಗಿಯರ ಜೊತೆ ಕೂತಿದ್ದೆ. ಎಲ್ಲರ ಫೋನಿನಲ್ಲೂ ಹೌಸಾ ಧಾರಾವಾಹಿಗಳಿದ್ದವು. ಒಬ್ಬಳು ನಟಿಯ ಫೋಟೋ ತೋರಿಸಿದಳು. ಈದ್ ಹಬ್ಬಕ್ಕೆ ಅದೇ ಥರ ಬಟ್ಟೆ ಹೊಲಿಸಿದ್ದಾಳಂತೆ. ಪಕ್ಕದ ಹುಡುಗನಿಗೂ ಆ ನಟಿ ಅಂದರೆ ಪ್ರಾಣ.

"ಇಂಥವಳನ್ನು ಮದುವೆ ಆಗ್ತೀಯಾ?" ಅಂತ ಕೇಳಿದೆ.

"ಇಲ್ಲ. ಅಮ್ಮ ಒಪ್ಪಲ್ಲ."

"ಹೀರೋಗಾದರೆ ಎಲ್ಲರೂ ಹೆಣ್ಣು ಕೊಡ್ತೀರಿ," ಅಂತ ಆ ಹುಡುಗಿ ತಿರುಗಿಬಿದ್ದಳು.

ಆಮೇಲೆ ಕ್ಯಾನಿವುಡ್ ನಟಿ ರಹಮಾ ಸದಾವು ಅವರ ಸುದ್ದಿ ಬಂತು. 2016ರಲ್ಲಿ ಒಂದು ಹಾಡಿನ ವಿಡಿಯೋದಲ್ಲಿ ಗಾಯಕನನ್ನು ಅಪ್ಪಿಕೊಂಡರು ಅಂತ ಅವರನ್ನು ಉದ್ಯಮದಿಂದಲೇ ಹೊರಗಿಟ್ಟರು. ನಿಷೇಧ ತೆರವಾಗಿದ್ದು 2018ರಲ್ಲಿ. ಅಪ್ಪುಗೆ ಇಬ್ಬರದೂ ಅಲ್ವಾ? 2007ರಲ್ಲಂತೂ ಒಬ್ಬ ನಟಿಯ ಖಾಸಗಿ ವಿಡಿಯೋ ಫೋನಿಂದ ಫೋನಿಗೆ ಹರಿದಾಡಿತು. ಕಾನೋದಲ್ಲಿ ತಿಂಗಳುಗಟ್ಟಲೆ ಶೂಟಿಂಗ್ ನಿಂತಿತು, ಸೆನ್ಸಾರ್ ಇನ್ನೂ ಬಿಗಿಯಾಯಿತು. ಈ ಹುಡುಗಿಯರು ಆಗ ಚಿಕ್ಕ ಮಕ್ಕಳು. ಆದರೂ ಆ ಹೆಂಗಸಿನ ಹೆಸರು ಎಲ್ಲರಿಗೂ ಗೊತ್ತು. ಕೇಳಿ ನನಗೆ ಸಂಕಟವಾಯಿತು. ತಪ್ಪೇ ಮಾಡದವಳು ಇಷ್ಟು ವರ್ಷ ಜನರ ಬಾಯಲ್ಲಿ ಉಳಿದಿದ್ದಾಳೆ.

ಪರದೆಯ ಮೇಲೆ ಈ ನಟಿಯರು ಮಾಡುವುದು ಬಹುಪಾಲು ಸಂಸಾರದ ಕಥೆಗಳು. ಸವತಿ ಕಾಟ, ಬಲವಂತದ ಮದುವೆ, ಅತ್ತೆ ಮನೆ. ನೋಡುವ ಹುಡುಗಿಯರು ತಮ್ಮ ಬದುಕನ್ನೇ ಅಲ್ಲಿ ಕಾಣುತ್ತಾರೆ, ಅಳುತ್ತಾರೆ. ಅಳಿಸಿದವಳ ಮೇಲೆ ಮಾತ್ರ ನಂಬಿಕೆ ಇಲ್ಲ.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಇನ್ನೊಬ್ಬಳು ತಾನು ಕಥೆ ಬರೆಯುತ್ತೇನೆ ಅಂದಳು. ಕಾನೋದ ಹೆಂಗಸರು ಬರೆದ ಪ್ರೇಮ ಕಾದಂಬರಿಗಳು ಸಿನಿಮಾ ಆಗಿರುವುದುಂಟು. ಮನೆಯವರೂ ಅದಕ್ಕೆ ಬೇಡ ಅಂದಿಲ್ಲವಂತೆ.

"ನಿನ್ನ ಕಥೇಲಿ ಹೀರೋಯಿನ್ ಆಗೋಕೆ ಯಾರ ಮನೆ ಹುಡುಗಿ ಬರಬೇಕು?" ಅಂತ ಗೆಳತಿ ಕೇಳಿದಳು. "ನಿನ್ನ ತಂಗೀನ ಕಳಿಸ್ತೀಯಾ?"

"ಕಳಿಸಲ್ಲ," ಅಂದಳು. ಸ್ವಲ್ಪ ತಡೆದು, "ಆದರೆ ಅವಳೇ ಹೋಗ್ತೀನಿ ಅಂದರೆ ಅಪ್ಪನ ಹತ್ರ ನಾನೇ ಮಾತಾಡ್ತೀನಿ" ಅಂದಳು.