ಊರಾ, ಜಾತಿಯಾ, ಧರ್ಮವಾ? 'ಇಯೂದಾಯೊಸ್' ಬಗ್ಗೆ ಕೇಳುವವರಿಗೆಲ್ಲ ಒಂದೇ ಸಲ ಉತ್ತರ

ಇಲ್ಲ, ಒಂದೇ ಮಾತಿನಲ್ಲಿ ಹೇಳೋಕೆ ಆಗೋದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರೆಲ್ಲ ಶುರು ಮಾಡೋದೇ 'ಒಂದೇ ಮಾತಲ್ಲಿ ಹೇಳಿಬಿಡಿ' ಅಂತ.

ಪ್ರಶ್ನೆ ಇಷ್ಟು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ, ಆ ಕಾಲದ ಬೇರೆ ಗ್ರೀಕ್ ಬರಹಗಳಲ್ಲೂ, 'ಇಯೂದಾಯೊಸ್' ಅನ್ನೋ ಪದ ಬರುತ್ತದೆ. ಬಹುವಚನ 'ಇಯೂದಾಯೊಯ್'. ಕನ್ನಡ ಬೈಬಲ್ ಅದನ್ನು 'ಯೆಹೂದ್ಯರು' ಅನ್ನುತ್ತದೆ. ನಾನು ಹಳೆಯ ಗ್ರೀಕ್ ಕಲಿತವಳು ಅಂತ ಗೊತ್ತಾದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ: 'ಅದಕ್ಕೆ ನಿಜವಾದ ಅರ್ಥ ಯಹೂದಿ ಅಂತಾನಾ, ಇಲ್ಲಾ ಬರೀ ಯೂದಾಯ ಸೀಮೆಯವನು ಅಂತಾನಾ?' ಯೂದಾಯ, ಗ್ರೀಕಿನಲ್ಲಿ ಇಯೂದಾಯ, ಅಂದರೆ ಜೆರೂಸಲೇಮಿನ ಸುತ್ತಲಿನ ನಾಡು. (ಇದನ್ನು ಕೇಳದವರು ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆಯಂತಲ್ಲ ಅಂತ ಕೇಳುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಅದು. ಅದರ ಜಗಳವೇ ಬೇರೆ. ಇನ್ನೊಂದು ದಿನ ಆಡೋಣ.)

'ನಿಜವಾದ', 'ಬರೀ'. ಈ ಎರಡು ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೈಸೂರಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ಕೋಸಂಬರಿ ಬಂದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಪಕ್ಕದ ಎಲೆಯಲ್ಲಿ ಕೂತಿದ್ದ ಹಿರಿಯರು ನಮ್ಮ ಚಿಕ್ಕಪ್ಪನ ಸ್ನೇಹಿತರು. 'ಏನಮ್ಮಾ, ನೀನು ಗ್ರೀಕು ಓದಿದೀಯಂತೆ' ಅಂದರು. ಹೌದು ಅಂಕಲ್ ಅಂದೆ. ಕೂಡಲೇ ಜೇಬಿನಿಂದ ಫೋನ್ ತೆಗೆದು ಒಂದು ವಿಡಿಯೋ ಹಚ್ಚಿದರು. ಇಂಗ್ಲಿಷಿನ ಜೆ ಅಕ್ಷರ ಹುಟ್ಟಿದ್ದೇ 16ನೇ ಶತಮಾನದಲ್ಲಂತೆ. ಹಾಗಾಗಿ ಅದಕ್ಕೂ ಮೊದಲು 'ಜ್ಯೂ' ಅನ್ನುವವರೇ ಇರಲಿಲ್ಲವಂತೆ. ಹಾಗಾಗಿ ಯೇಸು ಯಹೂದಿಯೇ ಅಲ್ಲವಂತೆ. 'ಏನು ಹೇಳ್ತೀಯ? ಹೌದೋ ಅಲ್ವೋ, ಅಷ್ಟು ಹೇಳು.' ಅಷ್ಟರಲ್ಲಿ ಎದುರು ಸಾಲಿನವರೂ ಕತ್ತು ಚಾಚಿದ್ದರು. ನನ್ನ ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ನಾನು ಬಾಯಿ ತೆರೆದದ್ದು ತಿನ್ನೋದಕ್ಕಲ್ಲ.

ಜೆ ವಿಷಯ ಬೇಗ ಮುಗಿಸುತ್ತೇನೆ. ಲ್ಯಾಟಿನ್ ಬರವಣಿಗೆಯಲ್ಲಿ ಐ ಮತ್ತು ಜೆ ಒಂದೇ ಅಕ್ಷರದ ಎರಡು ರೂಪ. ಅವು ಬೇರೆಬೇರೆ ಅಕ್ಷರವಾಗಿದ್ದು ನಿಜವಾಗಿಯೂ ತಡವಾಗಿ. 1611ರ ಇಂಗ್ಲಿಷ್ ಬೈಬಲ್‌ನಲ್ಲೂ 'ಯೆಹೂದ್ಯರು' ಅನ್ನೋ ಪದವನ್ನು ಐ ಅಕ್ಷರದಿಂದಲೇ ಅಚ್ಚು ಹಾಕಿದ್ದಾರೆ. ಅಷ್ಟಕ್ಕೇ ಜನ ಮಾಯವಾಗಿಬಿಡುತ್ತಾರಾ? ಹೀಬ್ರೂವಿನಲ್ಲಿ ಯೆಹೂದಿ, ಅರಾಮಿಕ್‌ನಲ್ಲಿ ಯೆಹೂದಾಯ್, ಗ್ರೀಕ್‌ನಲ್ಲಿ ಇಯೂದಾಯೊಸ್, ಲ್ಯಾಟಿನ್‌ನಲ್ಲಿ ಯೂದಾಯೂಸ್, ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿನ ಜ್ಯೂ. ಪದ ಊರೂರು ಅಲೆದು ಬಂದಿದೆ, ಅಷ್ಟೇ. ಅದಿರಲಿ, ಕನ್ನಡದಲ್ಲಿ ಯೆಹೂದ್ಯ, ಯಹೂದಿ ಅಂತಲೇ ಅನ್ನುತ್ತೇವಲ್ಲ, ಇಲ್ಲಿ ಜೆ ಎಲ್ಲಿದೆ ಅಂಕಲ್? ಕನ್ನಡದವರು ಕನ್ನಡದವರಿಗೆ ಇದನ್ನು ಫಾರ್ವರ್ಡ್ ಮಾಡೋದು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಪದದ ಕಟ್ಟು ಬಹಳ ಸರಳ. ಅಥೇನಾಯ್, ಅಂದರೆ ಅಥೆನ್ಸ್, ಊರಿನವನು ಅಥೇನಾಯೊಸ್. ಥೀಬಾಯ್ ಊರಿನವನು ಥೀಬಾಯೊಸ್. ಹಾಗೇ ಇಯೂದಾಯ ನಾಡಿನವನು ಇಯೂದಾಯೊಸ್. 'ನೋಡಿದ್ರಾ, ಬರೀ ಊರಿನ ಹೆಸರು!' ಅಂತ ಕುಣಿಯಬೇಡಿ. ಆ ಕಾಲದಲ್ಲಿ ಒಂದು ನಾಡಿನ ಜನ ಅಂದರೆ ಅವರ ನೆಲ, ಅವರ ಹಿರಿಯರು, ಅವರ ಕಾನೂನು, ಅವರ ಅಡಿಗೆ, ಅವರ ದೇವರು ಎಲ್ಲ ಒಟ್ಟಿಗೆ. ಅಥೆನ್ಸಿನವನಿಗೆ ಅಥೆನಾ ದೇವಿಯ ಹಬ್ಬ ಮಾಡೋದು 'ಧರ್ಮ', ಅಥೆನ್ಸಿನಲ್ಲಿ ಓಟು ಹಾಕೋದು 'ಪೌರತ್ವ' ಅಂತ ಎರಡು ಖಾನೆ ಇರಲಿಲ್ಲ. ಕೊಡವ ಅನ್ನೋದು ಊರಾ, ಜನವಾ, ಆಚಾರವಾ ಅಂತ ಮಡಿಕೇರಿಯಲ್ಲಿ ನಿಂತು ಕೇಳಿ ನೋಡಿ. ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಈಗ ಯೇಸುವಿನ ವಿಷಯ. ಎಲ್ಲರಿಗೂ ಬೇಕಾಗಿರೋದು ಅದೇ ತಾನೇ.

ಯೋಹಾನನ ಸುವಾರ್ತೆಯಲ್ಲಿ ಈ ಪದ 70ರ ಆಸುಪಾಸು ಸಲ ಬರುತ್ತದೆ. ಉಳಿದ ಮೂರು ಸುವಾರ್ತೆಗಳಲ್ಲಿ ಬಹಳ ಕಡಿಮೆ. ಯೋಹಾನನಲ್ಲಿ ಅದು ಒಂದೇ ಕಡೆ ನಿಲ್ಲೋದಿಲ್ಲ. 7ನೇ ಅಧ್ಯಾಯದ ಶುರುವಿನಲ್ಲಿ ಯೇಸು ಉತ್ತರದ ಗಲಿಲಾಯ ಸೀಮೆಯಲ್ಲೇ ಓಡಾಡುತ್ತಾನೆ. ಇಯೂದಾಯೊಯ್ ತನ್ನನ್ನು ಕೊಲ್ಲಲು ನೋಡುತ್ತಿದ್ದಾರೆ ಅಂತ ಯೂದಾಯಕ್ಕೆ ಹೋಗೋದಿಲ್ಲ. ಇಲ್ಲಿ ಸೀಮೆಯ ಅರ್ಥ ಸರಿಹೊಂದುತ್ತದೆ. 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ ಅಪ್ಪ ಅಮ್ಮ 'ಇಯೂದಾಯೊಯ್‌ಗೆ ಹೆದರಿದರು' ಅಂತ ಇದೆ. ಆ ಅಪ್ಪ ಅಮ್ಮ ಯಾರು ಮತ್ತೆ? ಅವರೂ ಅದೇ ಜನ, ಅದೇ ಊರು. ಅಲ್ಲಿ ಆ ಪದ ಅಧಿಕಾರ ಇದ್ದವರ ಕಡೆಗೆ ಬೆರಳು ಮಾಡುತ್ತದೆ. 4ನೇ ಅಧ್ಯಾಯದಲ್ಲಿ ಬಾವಿಯ ಹತ್ತಿರ ಸಮಾರ್ಯದ ಹೆಂಗಸು (ಸಮಾರ್ಯದವರಿಗೂ ಇವರಿಗೂ ಬಳಕೆ ಇರಲಿಲ್ಲ) ಯೇಸುವಿಗೆ, ಇಯೂದಾಯೊಸ್ ಆದ ನೀನು ನನ್ನ ಹತ್ತಿರ ನೀರು ಕೇಳೋದಾ ಅನ್ನುತ್ತಾಳೆ. ಎದುರಿಗೆ ಕೂತವನು ಗಲಿಲಾಯದಲ್ಲಿ ಬೆಳೆದವನು, ಯೂದಾಯ ಸೀಮೆಯವನಲ್ಲ. ಆದರೂ ಅವಳ ಲೆಕ್ಕದಲ್ಲಿ ಅವನು ಇಯೂದಾಯೊಸ್. ಅವನೂ ಅಲ್ಲ ಅನ್ನೋದಿಲ್ಲ. ರಕ್ಷಣೆ ಬರೋದು ಇಯೂದಾಯೊಯ್‌ನಿಂದಲೇ ಅಂತ ತಾನೇ ಹೇಳುತ್ತಾನೆ. ವಿಡಿಯೋ ಮಾಡಿದವನು 4ನೇ ಅಧ್ಯಾಯದವರೆಗೂ ಓದಿಲ್ಲ ಅಂತ ಕಾಣುತ್ತೆ.

'ಅಯ್ಯೋ, ಒಂದು ಪದಕ್ಕೆ ಯಾಕಿಷ್ಟು ಸಿಟ್ಟು' ಅನ್ನಬಹುದು. ಹೇಳುತ್ತೇನೆ. 'ಯೇಸು ಗಲಿಲಾಯದವನು, ಯಹೂದಿ ಅಲ್ಲ' ಅನ್ನೋ ವಾದ ಯೂಟ್ಯೂಬಿನಲ್ಲಿ ಹುಟ್ಟಿದ್ದಲ್ಲ. 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ, ಕ್ರೈಸ್ತ ಧರ್ಮದಿಂದ ಯಹೂದಿ ಪ್ರಭಾವವನ್ನೆಲ್ಲ ತೆಗೆದುಹಾಕಲು ಒಂದು ಸಂಸ್ಥೆಯನ್ನೇ ತೆರೆದಿದ್ದರು. ಅದರ ವಿದ್ವತ್ತಿನ ಮುಖ್ಯಸ್ಥ ವಾಲ್ಟರ್ ಗ್ರುಂಡ್‌ಮನ್, ಹೊಸ ಒಡಂಬಡಿಕೆಯ ಪ್ರೊಫೆಸರ್, ಇದೇ ಗಲಿಲಾಯದ ವಾದ ಹಿಡಿದಿದ್ದ. ಮರುವರ್ಷವೇ ಆ ಸಂಸ್ಥೆಯವರು ಯಹೂದಿ ಗುರುತು ಅಳಿಸಿದ ಹೊಸ ಒಡಂಬಡಿಕೆಯೊಂದನ್ನು ಅಚ್ಚು ಹಾಕಿಸಿದರು. ಆಮೇಲೆ ಯುರೋಪಿನಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಹೋಳಿಗೆ ಮುರಿಯುತ್ತಾ ಆ ವಾದವನ್ನು ಯಾರಾದರೂ ಹೊಸ ಸಂಶೋಧನೆ ಅಂತ ತೋರಿಸಿದರೆ ಸುಮ್ನೆ ತಲೆ ಆಡಿಸೋದು ನನ್ನಿಂದಾಗಲ್ಲ.

ಹಾಗಂತ ಕೇಳಿದವರೆಲ್ಲ ಕೆಟ್ಟವರು ಅನ್ನುತ್ತಿಲ್ಲ. ಪಂಡಿತರೇ ಈ ಪದಕ್ಕೆ ಜುಟ್ಟು ಹಿಡಿದು ಜಗಳಾಡುತ್ತಾರೆ. ಸ್ಟೀವ್ ಮೇಸನ್ 2007ರಲ್ಲಿ ಒಂದು ದೊಡ್ಡ ಲೇಖನ ಬರೆದು, ಆ ಕಾಲಕ್ಕೆ 'ಧರ್ಮ' ಅನ್ನೋ ಬೇರೆ ಖಾನೆ ಇರಲೇ ಇಲ್ಲ, ಆದ್ದರಿಂದ ಯೂದಾಯದವರು ಅಂತಲೇ ಅನುವಾದ ಮಾಡಿ ಅಂದರು. ಕೆಲವರ ಕಾಳಜಿ ಇನ್ನೊಂದು ಥರ: ಯೋಹಾನನ ಕಟುಮಾತುಗಳನ್ನು ಇಂದಿನ ಯಹೂದಿಗಳ ಮೇಲೆ ಹೊರಿಸೋದು ತಪ್ಪಲಿ ಅಂತ. ಅದಕ್ಕೆ ಅಡೆಲ್ ರೈನ್‌ಹಾರ್ಟ್ಜ್ 2014ರಲ್ಲಿ ಕೊಟ್ಟ ಉತ್ತರ ಚುರುಕಾಗಿತ್ತು. ಹೀಗೆ ಮಾಡುತ್ತಾ ಹೋದರೆ ಪ್ರಾಚೀನ ಇತಿಹಾಸದಿಂದ ಯಹೂದಿಗಳೇ ಕಾಣೆಯಾಗುತ್ತಾರೆ, ಯೇಸುವೂ ಯಹೂದಿಯಾಗಿ ಉಳಿಯೋದಿಲ್ಲ ಅಂತ. ನಾನು ರೈನ್‌ಹಾರ್ಟ್ಜ್ ಕಡೆ. ಮೇಸನ್ ವಾದ ಬಲವಾದದ್ದೇ. ಆದರೆ 'ಯೂದಾಯದವರು' ಅಂದ ಕೂಡಲೇ ಇವತ್ತಿನ ಓದುಗರ ಕಿವಿಗೆ ಬೀಳೋದು ಬರೀ ಭೂಗೋಳ. ಆ ಪದದಲ್ಲಿ ಇದ್ದದ್ದು ಅಷ್ಟೇ ಅಲ್ಲ.

ಅದಕ್ಕೆ ಸಾಕ್ಷಿ ಬೇಕಿದ್ದರೆ ತೆರಿಗೆ ಪುಸ್ತಕ ನೋಡಿ. ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯ ಸುಟ್ಟರು. ಆಮೇಲೆ ಚಕ್ರವರ್ತಿ ವೆಸ್ಪೇಸಿಯನ್, ಇಯೂದಾಯೊಯ್ ಎಲ್ಲೇ ಇರಲಿ, ವರ್ಷಕ್ಕೆ 2 ದ್ರಾಖ್ಮೆ ಕಟ್ಟಬೇಕು ಅಂದ. ಮೊದಲು ತಮ್ಮ ದೇವಾಲಯಕ್ಕೆ ಕೊಡುತ್ತಿದ್ದ ಕಾಣಿಕೆ ಈಗ ರೋಮಿನ ಜುಪಿಟರ್ ಗುಡಿಗೆ. ಈಜಿಪ್ಟಿನ ಎಡ್ಫು ಊರಿನಲ್ಲಿ ಆ ತೆರಿಗೆ ಕಟ್ಟಿದ ರಸೀದಿಗಳು ಸಿಕ್ಕಿವೆ, ಮಡಕೆ ಚೂರಿನ ಮೇಲೆ ಬರೆದವು. ಯೂದಾಯದ ಮಣ್ಣನ್ನೇ ಮೆಟ್ಟದವರೂ ಕಟ್ಟಿದರು. ಮುಂದೆ 3ನೇ ಶತಮಾನದಲ್ಲಿ ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುತ್ತಾನೆ: ಈ ಹೆಸರು ಹೇಗೆ ಬಂತೋ ನನಗೆ ಗೊತ್ತಿಲ್ಲ, ಆದರೆ ಬೇರೆ ಕುಲದವರಾಗಿ ಇವರ ಆಚಾರ ಹಿಡಿದವರಿಗೂ ಇದೇ ಹೆಸರು ಅಂತ. ಹೊರಗಿನಿಂದ ಬಂದವರ ವಿಷಯದಲ್ಲಿ ತಕರಾರೂ ಇತ್ತು. ಯೂದಾಯದ ರಾಜ ಹೆರೋದನ ಮನೆತನ ಪಕ್ಕದ ಇದೂಮಾಯ ನಾಡಿನದ್ದು. ಅವನ ಎದುರಾಳಿ ಅಂತಿಗೋನಸ್ ಅವನನ್ನು 'ಅರ್ಧ ಇಯೂದಾಯೊಸ್' ಅಂತ ಜರೆದ ಅಂತ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಬೈಗುಳದಲ್ಲಿ ಸಿಗುವಷ್ಟು ಅರ್ಥ ನಿಘಂಟಿನಲ್ಲಿ ಸಿಗಲ್ಲ.

ನೀವು ಕೇಳೋ ಪ್ರಶ್ನೆ ಬಿಡಿ. ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ: ಈ ಪದವನ್ನು ತನ್ನ ಬಗ್ಗೆ ತಾನೇ ಬರೆಸಿಕೊಂಡವರು ಯಾರು?

ನನ್ನ ಮೆಚ್ಚಿನವನು ಮೋಸ್ಖೊಸ್. ಗ್ರೀಸಿನ ಅಟಿಕಾ ಮತ್ತು ಬಿಯೋಷಿಯಾ ಸೀಮೆಗಳ ಗಡಿಯಲ್ಲಿ ಓರೊಪೊಸ್ ಅಂತ ಊರು. ಅಲ್ಲಿ ಆಂಫಿಯಾರಾವೊಸ್ ಅನ್ನೋ ದೇವರ ಗುಡಿ. ಕಾಯಿಲೆಯವರು ಬಂದು, ಟಗರು ಬಲಿ ಕೊಟ್ಟು, ಅದರ ಚರ್ಮ ಹಾಸಿಕೊಂಡು ಗುಡಿಯಲ್ಲೇ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬರಬೇಕು. ಆ ಗುಡಿಯಲ್ಲಿ ಕ್ರಿ.ಪೂ. 3ನೇ ಶತಮಾನದ ಮೊದಲರ್ಧದ ಒಂದು ಶಾಸನ ಸಿಕ್ಕಿದೆ. ಫ್ರಿನಿದಾಸ್ ಅನ್ನುವವನು ತನ್ನ ಗುಲಾಮ ಮೋಸ್ಖೊಸ್‌ನನ್ನು ಬಿಡುಗಡೆ ಮಾಡುತ್ತಿದ್ದಾನೆ. ಗೊತ್ತುಮಾಡಿದ ಅವಧಿ ಮುಗಿದ ಮೇಲೆ ಅವನು ಯಾರ ಆಳೂ ಅಲ್ಲ. ಹೇಳಿದ ಅವಧಿ ಮುಗಿಯೋ ಮೊದಲೇ ಫ್ರಿನಿದಾಸ್‌ಗೆ ಏನಾದರೂ ಆದರೆ, ಮೋಸ್ಖೊಸ್ ಎಲ್ಲಿ ಬೇಕಾದರೂ ಹೋಗಬಹುದು. ಆಮೇಲೆ ಸಾಕ್ಷಿಗಳ ಹೆಸರು. ಕೆಲವರು ಓರೊಪೊಸ್‌ನವರು, ಕೆಲವರು ಅಥೇನಾಯೊಸ್. ಕೊನೆಗೆ: ಮೋಸ್ಖಿಯೋನನ ಮಗ ಮೋಸ್ಖೊಸ್, ಇಯೂದಾಯೊಸ್, ಕನಸು ಕಂಡು, ಆಂಫಿಯಾರಾವೊಸ್ ಮತ್ತು ಆರೋಗ್ಯದೇವತೆ ಹಿಗಿಯಾ ಇಬ್ಬರ ಅಪ್ಪಣೆಯಂತೆ ಇದನ್ನು ಕಲ್ಲಿನ ಮೇಲೆ ಬರೆಸಿ ಬಲಿಪೀಠದ ಬಳಿ ನಿಲ್ಲಿಸಿದ.

ಗ್ರೀಕ್ ನೆಲದಲ್ಲಿ ಹೆಸರು ಗೊತ್ತಿರುವ ಮೊದಲ ಯಹೂದಿ ಇವನು. ಗ್ರೀಕ್ ಹೆಸರಿನ ಅಪ್ಪನ ಮಗ. ಅನ್ಯದೇವರ ಗುಡಿಯಲ್ಲಿ ಮಲಗಿ, ಅವರ ಮಾತು ಕೇಳಿ, ಅವರಿಗೇ ಕಲ್ಲು ನಿಲ್ಲಿಸಿದವನು. ಆದರೂ ಹೆಸರಿನ ಮುಂದೆ ಇಯೂದಾಯೊಸ್. ಅಥೆನ್ಸಿನ ಸಾಕ್ಷಿಗಳಿಗಿರುವಂತೆ ತನಗೂ ಒಂದು ನಾಡು ಇದೆ ಅಂದನೇ? ತನ್ನ ದೇವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೇ? ಅವನು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಅಂತ ಯಾರೂ ಅವನ ಎಲೆ ಮುಂದೆ ಫೋನ್ ಹಿಡಿದಿರಲಿಲ್ಲ, ಪುಣ್ಯ.

ಒಂದು ಅಡ್ಡಮಾತು. ಹೆಚ್ಚುಕಡಿಮೆ ಅದೇ ಕಾಲದ ಇನ್ನೊಬ್ಬ ಗ್ರೀಕ, ಅರಿಸ್ಟಾಟಲನ ಶಿಷ್ಯ ಕ್ಲೆಯಾರ್ಖೊಸ್, ಈ ಜನ ಭಾರತದ ತತ್ತ್ವಜ್ಞಾನಿಗಳ ವಂಶದವರು ಅಂತ ಬರೆದ. ಭಾರತದಲ್ಲಿ ಅವರನ್ನು ಕಲಾನೊಯ್ ಅನ್ನುತ್ತಾರೆ, ಸಿರಿಯಾದಲ್ಲಿ ಇಯೂದಾಯೊಯ್ ಅನ್ನುತ್ತಾರೆ, ವಾಸಿಸುವ ನಾಡಿನ ಹೆಸರಿನಿಂದ ಆ ಹೆಸರು ಬಂತು ಅಂತ. ಅಲೆಕ್ಸಾಂಡರನ ಜೊತೆ ಹೋದ ಕಲಾನೊಸ್ ಸನ್ಯಾಸಿಯ ಹೆಸರು ಕೇಳಿ ಹೆಣೆದ ಕಥೆ ಅದು. ಗ್ರೀಕರಿಗೆ ದೂರದ ಜ್ಞಾನಿಗಳೆಲ್ಲ ಒಂದೇ ಮನೆಯವರು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ದಯವಿಟ್ಟು ಇದಷ್ಟನ್ನೇ ಕತ್ತರಿಸಿ ಮನೆಮಂದಿಯ ಗ್ರೂಪಿಗೆ ಹಾಕಬೇಡಿ.

ಊರಾ ಧರ್ಮವಾ ಅನ್ನೋ ನಿಮ್ಮ ಪ್ರಶ್ನೆಯನ್ನು ನಾನೇ ಕೇಳಬೇಕಾಗಿ ಬರುವ ಜಾಗವೂ ಒಂದಿದೆ. ಸ್ಮುರ್ನಾ, ಈಗಿನ ಟರ್ಕಿಯ ಇಜ್ಮಿರ್. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಊರಿನ ಕೆಲಸಗಳಿಗೆ ದುಡ್ಡು ಕೊಟ್ಟವರ ಪಟ್ಟಿ ಕೊರೆಸಿದ್ದಾರೆ. ಅದರಲ್ಲಿ ಒಂದು ಸಾಲು: 'ಹಿಂದೊಮ್ಮೆ ಇಯೂದಾಯೊಯ್ ಆಗಿದ್ದವರು, 10,000 ದ್ರಾಖ್ಮೆ.' ಹಿಂದೊಮ್ಮೆ! ತಮ್ಮ ಆಚಾರ ಬಿಟ್ಟು ಊರಿನವರ ಜೊತೆ ಸೇರಿಹೋದವರು ಅಂತ ಬಹಳ ಕಾಲ ಓದಿದರು. ಯೂದಾಯದಿಂದ ವಲಸೆ ಬಂದವರು, ಅಷ್ಟೇ, ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತದೆ. ಧರ್ಮ ಬಿಟ್ಟವರು, ಧರ್ಮ ಬಿಟ್ಟವರ ಸಂಘ ಅಂತ ಒಂದು ಮಾಡಿಕೊಂಡು ಚಂದಾ ಎತ್ತುತ್ತಾರಾ? ಊರು ಬಿಟ್ಟವರು ಮಾತ್ರ ಎಲ್ಲಿ ಹೋದರೂ ಒಂದು ಸಂಘ ಮಾಡುತ್ತಾರೆ. ಮೊದಲನೆಯ ಓದನ್ನು ಹಿಡಿದವರು ಇದಕ್ಕೆ ಏನು ಹೇಳುತ್ತೀರಿ? ಬರೆಯಿರಿ, ಜಗಳಕ್ಕೆ ನಾನು ತಯಾರು. ಜೆ ಅಕ್ಷರದ ವಿಡಿಯೋ ಮಾತ್ರ ಕಳಿಸಬೇಡಿ.