ಉಳಿಸುವ ಬಟನ್‌ಗೂ ಕೆಂಪು, ಅಳಿಸುವ ಬಟನ್‌ಗೂ ಕೆಂಪು

ಕಚೇರಿಗಳಿಗೆ ಲಿನಕ್ಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಡೆಸ್ಕ್‌ಟಾಪ್ ಹೊಂದಿಸಿಕೊಡುವುದು ನನ್ನ ಕೆಲಸ. 2023ರಲ್ಲಿ ಒಂದು ಕಚೇರಿಗೆ ಗ್ನೋಮ್ ಹಾಕಿಕೊಟ್ಟೆವು. ಲಿನಕ್ಸ್‌ನಲ್ಲಿ ಪರದೆ, ಮೆನು, ಬಟನ್‌ಗಳನ್ನು ತೋರಿಸುವ ತಂತ್ರಾಂಶ ಅದು. ಅವರ ಲೋಗೋ ಕಡುಗೆಂಪು. "ಕಂಪ್ಯೂಟರ್ ಆನ್ ಮಾಡಿದ್ರೆ ಇದು ನಮ್ಮದು ಅನ್ನಿಸ್ಬೇಕು" ಅಂದರು. ಆ ಆಸೆಯಲ್ಲಿ ತಪ್ಪೇನಿಲ್ಲ. ಬಣ್ಣ, ರೂಪ ಬರೆದಿಡುವ ಸಿಎಸ್‌ಎಸ್ ಫೈಲಿನಲ್ಲಿ ನಾನು ಆಕ್ಸೆಂಟ್ ಬಣ್ಣವನ್ನು, ಅಂದರೆ ಮುಖ್ಯ ಬಟನ್‌ಗಳನ್ನು ಎತ್ತಿ ತೋರಿಸುವ ಬಣ್ಣವನ್ನು, ನೀಲಿಯಿಂದ ಕೆಂಪಿಗೆ ಬದಲಿಸಿದೆ. ನೋಡಲು ಚೆನ್ನಾಗೇ ಇತ್ತು.

ಎರಡನೇ ವಾರ ಲೆಕ್ಕದ ವಿಭಾಗದ ಮೇಡಂ ಫೋನ್ ಮಾಡಿದರು. ಬೆಳಗಿನಿಂದ ತುಂಬಿದ ವೋಚರುಗಳೆಲ್ಲ ಹೋಗಿದ್ದವು. ಅದು ಅವರಿಗಾಗಿ ನಾವೇ ಬರೆದ ಚಿಕ್ಕ ಆ್ಯಪ್. ಮುಚ್ಚುವಾಗ "ಉಳಿಸು", "ಉಳಿಸದೆ ಮುಚ್ಚು" ಎಂದು ಎರಡು ಬಟನ್ ಬರುತ್ತವೆ. ಗ್ನೋಮ್‌ನಲ್ಲಿ ಮೊದಲನೆಯದಕ್ಕೆ ಆಕ್ಸೆಂಟ್ ಬಣ್ಣ. ಎರಡನೆಯದು ಅಪಾಯದ್ದು, ಅದಕ್ಕೆ ಕೆಂಪು. ನಾನು ಮಾಡಿದ ಬದಲಾವಣೆಯಿಂದ ಎರಡೂ ಒಂದೇ ಥರ ಆಗಿದ್ದವು.

"ಎರಡೂ ಕೆಂಪೇ ಅಲ್ವಾ ಸಾರ್, ಗಡಿಬಿಡೀಲಿ ಹೇಗೆ ಗೊತ್ತಾಗುತ್ತೆ?" ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ದಿನಕ್ಕೆ ನೂರು ಸಲ ಒತ್ತುವ ಬಟನ್ ಮೇಲಿನ ಅಕ್ಷರವನ್ನು ಯಾರೂ ಓದುವುದಿಲ್ಲ. ಬಣ್ಣ ನೋಡಿ ಕೈ ಓಡುತ್ತದೆ.

ಆಗ 2019ರ ಒಂದು ಬಹಿರಂಗ ಪತ್ರ ನೆನಪಾಯಿತು. ನಮ್ಮ ಆ್ಯಪ್‌ಗಳಿಗೆ ದಯವಿಟ್ಟು ಥೀಮ್ ಹಾಕಬೇಡಿ, ಅಂದರೆ ಅವುಗಳ ಬಣ್ಣ, ರೂಪ ಬದಲಿಸಬೇಡಿ ಎಂದು ಗ್ನೋಮ್ ಆ್ಯಪ್ ಬರೆಯುವ ಹಲವರು ಲಿನಕ್ಸ್ ವಿತರಣೆಗಳನ್ನು (ಲಿನಕ್ಸ್ ಅನ್ನು ಸಿದ್ಧಪಡಿಸಿ ಹಂಚುವ ತಂಡಗಳನ್ನು) ಕೇಳಿಕೊಂಡಿದ್ದರು. ಓದಿದಾಗ ಜಾಸ್ತಿ ಹಟ ಅನ್ನಿಸಿತ್ತು. ಮೇಡಂ ಫೋನಿನ ನಂತರ ಅವರ ಸಂಕಟ ಅರ್ಥವಾಯಿತು. ಬಣ್ಣ ಬದಲಿಸಿದವರು ನಾವು, ಬಯ್ಗುಳ ಮಾತ್ರ ಆ್ಯಪ್ ಬರೆದವರಿಗೆ. ಈ ಸಲ ಆ್ಯಪ್ ಕೂಡ ನಮ್ಮದೇ ಆಗಿತ್ತು, ಅಷ್ಟೇ.

ಅವತ್ತೇ ನೀಲಿಗೆ ಮರಳಿದೆ. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಬಟನ್ ಬದಲು ಲಾಗಿನ್ ಪರದೆಗೆ ಲೋಗೋ ಹಾಕಿ ತೋರಿಸಿದೆ. ಯಂತ್ರ ಶುರುವಾಗುವಾಗ ಬರುವ ಪ್ಲಿಮತ್ ಪರದೆಗೆ, ವಾಲ್‌ಪೇಪರಿಗೆ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಮಾಹಿತಿ ತೋರಿಸುವ ಪುಟಕ್ಕೂ ಹಾಕಿದೆ. ಈ ಯಾವ ಜಾಗದಲ್ಲೂ ಯಾರೂ ವೋಚರ್ ತುಂಬುವುದಿಲ್ಲ. ಆದರೆ ಬೆಳಿಗ್ಗೆ ಬಂದವರೆಲ್ಲ ಮೊದಲು ನೋಡುವುದು ಅವನ್ನೇ. "ಇದು ಇನ್ನೂ ಚೆನ್ನಾಗಿದೆ" ಅಂದರು ಮ್ಯಾನೇಜರ್.

2024ರ ಸೆಪ್ಟೆಂಬರಿನಲ್ಲಿ ಗ್ನೋಮ್ 47 ಬಂತು. ಆಕ್ಸೆಂಟ್‌ಗೆ ಒಂಬತ್ತು ಬಣ್ಣಗಳ ಆಯ್ಕೆ ಕೊಟ್ಟರು, ಅದರಲ್ಲಿ ಕೆಂಪೂ ಇದೆ. ನನಗೆ ತುಂಬಾ ಖುಷಿ ಕೊಟ್ಟಿದ್ದು ಬೇರೆ ವಿಷಯ. ಕೆಂಪು ಆರಿಸಿಕೊಂಡವರಿಗೆ ಗೊಂದಲವಾಗದಿರಲಿ ಎಂದು ಅಪಾಯದ ಬಟನ್‌ನ ರೂಪವನ್ನೇ ಬದಲಿಸಿದ್ದರು. ನಾನು ಎಡವಿದ ಜಾಗದಲ್ಲೇ ಅವರು ನಿಂತು ಯೋಚಿಸಿದ್ದರು.

ಹೊಸ ಆವೃತ್ತಿ ಹಾಕಿದ ಮೇಲೆ ಮ್ಯಾನೇಜರ್ ಮತ್ತೆ ಕೆಂಪು ಕೇಳಿದರು. ಸಿಎಸ್‌ಎಸ್ ಮುಟ್ಟದೆ ಸೆಟ್ಟಿಂಗ್ಸ್‌ನಲ್ಲೇ ಆರಿಸಿದೆ. ಆಮೇಲೆ ಮೊದಲು ಹೋಗಿದ್ದು ಮೇಡಂ ಟೇಬಲ್ ಹತ್ತಿರ. ಆ್ಯಪ್ ತೆರೆದು, ಆ ಎರಡು ಬಟನ್ ತೋರಿಸಿ, ಅವರು ಒಪ್ಪುವವರೆಗೆ ಕಾದೆ.